ಯಂತ್ರದ ಆ ತುದಿಯಲ್ಲಿ ಒಬ್ಬ ಮನುಷ್ಯನಿದ್ದಾನೆ

(ಪೋಷಕರು ಮತ್ತು ಪಿಯುಸಿ ವಿದ್ಯಾರ್ಥಿಗಳ ಸಭೆಯಲ್ಲಿ ಮಾಡಿದ ಭಾಷಣದ ಬರಹರೂಪ)



ಮಕ್ಕಳಿಗೆ ವೈದ್ಯಕೀಯ ಸೀಟು ಕೈತಪ್ಪಿದಾಗ ಮಾತ್ರ ನಮ್ಮ ಮನೆಗಳಲ್ಲಿ ಬಯೋಮೆಡಿಕಲ್ ಇಂಜಿನಿಯರಿಂಗ್‌ನ ಹೆಸರು ಕೇಳಿಬರುತ್ತದೆ. ನೀಟ್ ಫಲಿತಾಂಶ ಬಂದ ವಾರದಲ್ಲಿ ನಮ್ಮನ್ನು ಕಾಣಲು ಬರುವ ಪೋಷಕರ ಪ್ರಶ್ನೆ ಹೆಚ್ಚುಕಡಿಮೆ ಒಂದೇ: "ಇದನ್ನು ಕಲಿತರೆ ಹೆಸರಿನ ಮುಂದೆ ಡಾಕ್ಟರ್ ಎಂದು ಬರೆದುಕೊಳ್ಳಬಹುದೇ?" ಬರೆದುಕೊಳ್ಳುವಂತಿಲ್ಲ. ಇಷ್ಟು ಕೇಳಿ ಎದ್ದು ಹೋದವರೂ ಇದ್ದಾರೆ. ಹಾಗಾದರೆ ವಿಶ್ವವಿದ್ಯಾನಿಲಯದ ತರಗತಿಯಲ್ಲಿ ನಿಂತು ನಾವು ಕಲಿಸುವುದಾದರೂ ಏನನ್ನು? ಅದನ್ನೇ ತಮ್ಮ ಮುಂದಿಡಲು ಬಯಸುತ್ತೇವೆ.

ಇಸಿಜಿ, ಡಯಾಲಿಸಿಸ್, ವೆಂಟಿಲೇಟರ್, ಪೇಸ್‌ಮೇಕರ್, ಕೃತಕ ಮಂಡಿ - ಇವುಗಳಿಲ್ಲದ ಚಿಕಿತ್ಸೆಯನ್ನು ಇಂದು ಊಹಿಸಲಾಗದು. ವೈದ್ಯರು ಇವನ್ನು ಬಳಸುತ್ತಾರೆ. ಆದರೆ ರೂಪಿಸುವವರು, ಪರೀಕ್ಷಿಸುವವರು, ಕೆಟ್ಟಾಗ ರಿಪೇರಿ ಮಾಡುವವರು ಬೇರೆಯೇ. ಅವರನ್ನು ತಯಾರು ಮಾಡುವುದು ನಮ್ಮ ಕೆಲಸ. ವಿದ್ಯುನ್ಮಾನ, ಲೋಹವಿದ್ಯೆ, ಗಣಿತ, ಅಂಗರಚನೆ ಎಲ್ಲವೂ ಪಠ್ಯಕ್ರಮದಲ್ಲಿವೆ. ಪಠ್ಯಕ್ರಮದಲ್ಲಿ ಇಲ್ಲದ್ದು ರೋಗಿ ಮಾತ್ರ!

ಒಂದು ಉದಾಹರಣೆಯನ್ನು ನೋಡೋಣ. "ಪಲ್ಸ್ ಆಕ್ಸಿಮೀಟರಿನ ಅಂದವಾದ ಚಿತ್ರ ಬರೆದು ವಿವರಿಸಿ, 10 ಅಂಕ." ಇಂತಹ ಪ್ರಶ್ನೆಗೆ ಉತ್ತರ ಬರೆಯಲು ಆ ಉಪಕರಣವನ್ನು ಒಮ್ಮೆಯೂ ಮುಟ್ಟಿರಬೇಕಿಲ್ಲ. ಕೋವಿಡ್ ಕಾಲದಲ್ಲಿ ತಾವೆಲ್ಲರೂ ಬೆರಳಿಗೆ ಸಿಕ್ಕಿಸಿಕೊಂಡ ಸಾಧನವದು. ಜಪಾನಿನ ಇಂಜಿನಿಯರ್ ತಕುವೊ ಅಯೊಯಾಗಿ 1970ರ ದಶಕದಲ್ಲಿ ಅದರ ತತ್ವವನ್ನು ಕಂಡುಕೊಂಡರು. ಜಗತ್ತು ಅವರ ಆವಿಷ್ಕಾರವನ್ನು ಅಂಗಡಿ ಅಂಗಡಿಗಳಲ್ಲಿ ಹುಡುಕುತ್ತಿದ್ದ 2020ರಲ್ಲೇ ಅವರು ತೀರಿಕೊಂಡರು. ಕೆಂಪು ಮತ್ತು ಅವಕೆಂಪು ಎಂಬ ಎರಡು ಬೆಳಕುಗಳು ಬೆರಳನ್ನು ದಾಟಿ ಬರುತ್ತವೆ. ಯಾವುದು ಎಷ್ಟು ಹೀರಲ್ಪಟ್ಟಿದೆ ಎಂಬುದರಿಂದ ರಕ್ತದ ಆಮ್ಲಜನಕವನ್ನು ಲೆಕ್ಕ ಹಾಕಲಾಗುತ್ತದೆ. ಚಿತ್ರ ಇಷ್ಟಕ್ಕೇ ಮುಗಿಯುತ್ತದೆ, ಅಂಕವೂ ಸಿಗುತ್ತದೆ. ಆದರೆ ಬೆರಳಿನ ಬಣ್ಣ ಯಾವುದು? 2020ರ ಡಿಸೆಂಬರಿನಲ್ಲಿ ಅಮೆರಿಕದ ಸಂಶೋಧಕರು ಪ್ರಕಟಿಸಿದ ಅಧ್ಯಯನವು ಈ ಪ್ರಶ್ನೆಯನ್ನು ಎತ್ತಿತು. ಉಪಕರಣವು 92ರಿಂದ 96 ಶೇಕಡಾ ಎಂದು ತೋರಿಸುತ್ತಿದ್ದಾಗ, ಧಮನಿಯ ರಕ್ತಪರೀಕ್ಷೆಯಲ್ಲಿ ನಿಜಪ್ರಮಾಣ 88ಕ್ಕಿಂತ ಕಡಿಮೆ ಇದ್ದದ್ದು ಬಿಳಿಯ ರೋಗಿಗಳ ಮಾಪನಗಳಲ್ಲಿ 3.6 ಶೇಕಡಾ, ಕರಿಯ ರೋಗಿಗಳಲ್ಲಿ 11.7 ಶೇಕಡಾ. ಅಂದರೆ ಯಂತ್ರವು ಚರ್ಮ ನೋಡಿ ಸುಳ್ಳು ಹೇಳುತ್ತಿತ್ತು. ಇಂತಹ ವ್ಯತ್ಯಾಸ 1990ರಲ್ಲೇ ವರದಿಯಾಗಿತ್ತು ಎಂಬುದು ಇನ್ನೂ ಕಹಿಯಾದ ಸಂಗತಿ. ಮೂವತ್ತು ವರ್ಷ ಅದು ಯಾರ ನಿದ್ದೆಯನ್ನೂ ಕೆಡಿಸಲಿಲ್ಲ. ನಮ್ಮ ನಾಡಿನ ಮೈಬಣ್ಣದ ಮಕ್ಕಳು ತರಗತಿಯಲ್ಲಿ ಕುಳಿತಿರುವಾಗ ಈ ಪಾಠವನ್ನು ಚಿತ್ರಕ್ಕೇ ನಿಲ್ಲಿಸುವುದು ನಮಗೆ ನ್ಯಾಯವಾಗಿ ಕಾಣುವುದಿಲ್ಲ.

ಇನ್ನೊಂದು ಪಾಠಕ್ಕೆ ನಾವು ಹೆಚ್ಚು ಸಮಯ ಕೊಡುತ್ತೇವೆ. ಕೆನಡಾದಲ್ಲಿ ತಯಾರಾದ ಥೆರಾಕ್-25 ಎಂಬ ಯಂತ್ರವು ಕ್ಯಾನ್ಸರ್ ರೋಗಿಗಳಿಗೆ ವಿಕಿರಣ ಚಿಕಿತ್ಸೆ ನೀಡುತ್ತಿತ್ತು. ಅದರ ಹಿಂದಿನ ಮಾದರಿಯಲ್ಲಿ, ಏನಾದರೂ ತಪ್ಪಿದರೆ ಕಿರಣವನ್ನು ತಡೆಯುವ ಪ್ರತ್ಯೇಕ ಯಾಂತ್ರಿಕ ವ್ಯವಸ್ಥೆಯಿತ್ತು. ಹೊಸದರಲ್ಲಿ ತಂತ್ರಾಂಶವೊಂದೇ ಸಾಕೆಂದು ಅದನ್ನು ಕೈಬಿಡಲಾಯಿತು. 1985ರಿಂದ 1987ರ ನಡುವೆ ಅಮೆರಿಕ ಮತ್ತು ಕೆನಡಾಗಳಲ್ಲಿ ಆರು ರೋಗಿಗಳ ಮೇಲೆ ಮಿತಿಮೀರಿದ ವಿಕಿರಣ ಬಿತ್ತು. ಕನಿಷ್ಠ ಮೂವರು ಅದರಿಂದ ಸತ್ತರು. 1986ರ ಮಾರ್ಚ್‌ನಲ್ಲಿ ಟೆಕ್ಸಾಸಿನ ಒಂದು ಆಸ್ಪತ್ರೆಯಲ್ಲಿ ಯಂತ್ರ ನಡೆಸುವಾಕೆ ಒಂದು ಅಕ್ಷರವನ್ನು ತಪ್ಪಾಗಿ ಒತ್ತಿ, ಕೂಡಲೇ ತಿದ್ದಿದರು. ಆಕೆಯ ಬೆರಳುಗಳ ವೇಗಕ್ಕೆ ತಂತ್ರಾಂಶ ಸಾಟಿಯಾಗಲಿಲ್ಲ. ಪರದೆಯ ಮೇಲೆ "ಮಾಲ್‌ಫಂಕ್ಷನ್ 54" ಎಂದಷ್ಟೇ ಬಂತು. ಅದರ ಅರ್ಥವೇನೆಂದು ಕೈಪಿಡಿಯಲ್ಲಿ ವಿವರಿಸಿರಲಿಲ್ಲ. ಅಂತಹ ಸಂದೇಶಗಳು ಪದೇ ಪದೇ ಬರುತ್ತಿದ್ದುದರಿಂದ ಆಕೆ ಮುಂದುವರಿಯುವ ಗುಂಡಿ ಒತ್ತಿದರು. ಒಳಗೆ ಮಲಗಿದ್ದವನು ಸುಟ್ಟ ನೋವಿನಿಂದ ಏಳಲು ಯತ್ನಿಸುತ್ತಿದ್ದ. ಅಂದು ಅವನ ದನಿ ಹೊರಗೆ ಕೇಳಿಸುವ ಸಾಧನವೂ ಕೆಲಸ ಮಾಡುತ್ತಿರಲಿಲ್ಲ. ತಯಾರಕರ ಕಡೆಯವರು ಬಂದು ನೋಡಿ, ಯಂತ್ರದಿಂದ ಹೀಗಾಗಲು ಸಾಧ್ಯವೇ ಇಲ್ಲವೆಂದರು. ಮರುತಿಂಗಳು ಅದೇ ಆಸ್ಪತ್ರೆಯಲ್ಲಿ ಇನ್ನೊಬ್ಬ ರೋಗಿ ಬಲಿಯಾದ. ಕೊನೆಗೆ ಸತ್ಯವನ್ನು ಹೊರತೆಗೆದವರು ಆ ಆಸ್ಪತ್ರೆಯ ಭೌತವಿಜ್ಞಾನಿ ಮತ್ತು ಯಂತ್ರ ನಡೆಸುತ್ತಿದ್ದ ಅದೇ ಮಹಿಳೆ. ಅಂದಿನ ವೇಗದಲ್ಲೇ ಮತ್ತೆ ಮತ್ತೆ ಟೈಪ್ ಮಾಡಿ ಅವರು ಆ ದೋಷವನ್ನು ಮರುಕಳಿಸಿ ತೋರಿಸಿದರು.

ಈ ಪಾಠದ ಬಳಿಕ "ತಪ್ಪು ಯಾರದು?" ಎಂದು ಕೇಳುತ್ತೇವೆ. ಗುಂಡಿ ಒತ್ತಿದವಳದು ಎನ್ನುವವರು ಪ್ರತಿವರ್ಷವೂ ಸಿಗುತ್ತಾರೆ. ನಮ್ಮ ಸಮಾಜವೂ ಹಾಗೆಯೇ ಅಲ್ಲವೇ? ಅನಾಹುತವಾದರೆ ಮೊದಲು ನರ್ಸನ್ನು ಅಮಾನತು ಮಾಡಲಾಗುತ್ತದೆ. ಯಂತ್ರ ಖರೀದಿಸಿದವರು, ಪರೀಕ್ಷಿಸದೆ ಸಹಿ ಹಾಕಿದವರು ಪತ್ರಿಕೆಯ ಸುದ್ದಿಯಲ್ಲೂ ಇರುವುದಿಲ್ಲ.

ಇನ್ನು ನಮ್ಮ ನೆರೆಯ ತಿರುವನಂತಪುರದ ಕಥೆ. ಚಿಕ್ಕಂದಿನಲ್ಲಿ ಗಂಟಲು ನೋವಿನಿಂದ ಶುರುವಾಗುವ ರುಮ್ಯಾಟಿಕ್ ಜ್ವರವು ಮುಂದೆ ಹೃದಯದ ಕವಾಟವನ್ನು ಹಾಳುಮಾಡುವುದುಂಟು. ಇದು ಹೆಚ್ಚಾಗಿ ಬಡವರ, ಇಕ್ಕಟ್ಟಿನ ಮನೆಗಳವರ ಕಾಯಿಲೆ. ವಿದೇಶಿ ಕವಾಟವನ್ನು ಕೊಳ್ಳುವ ಶಕ್ತಿ ಅವರಿಗೆಲ್ಲಿಂದ? ಶ್ರೀ ಚಿತ್ರಾ ತಿರುನಾಳ್ ಸಂಸ್ಥೆಯಲ್ಲಿ ಶಸ್ತ್ರವೈದ್ಯ ಎಂ.ಎಸ್. ವಲಿಯತ್ತಾನ್ ಹಾಗೂ ಇಂಜಿನಿಯರ್ ಜಿ.ಎಸ್. ಭುವನೇಶ್ವರ್ ಅವರ ತಂಡವು ದೇಶೀಯ ಕವಾಟ ತಯಾರಿಸಲು ಹೊರಟಿತು. ಹೃದಯ ವರ್ಷಕ್ಕೆ ಸುಮಾರು 4 ಕೋಟಿ ಸಲ ಬಡಿಯುತ್ತದೆ. ಅಷ್ಟು ಸಲವೂ ಕವಾಟ ತೆರೆದು ಮುಚ್ಚಬೇಕು. ಸವೆಯಬಾರದು, ರಕ್ತ ಹೆಪ್ಪುಗಟ್ಟಬಾರದು. ಮೊದಲ ಮಾದರಿ ಸೋತಿತು. ಎರಡನೆಯದು ಸೋತಿತು. ಮೂರನೆಯದೂ ಸೋತಿತು. ನೀಲಮಣಿಯ ಗಟ್ಟಿ ತಟ್ಟೆಯನ್ನೂ ಪ್ರಯೋಗಿಸಿ ಕೈಬಿಡಬೇಕಾಯಿತು. ಕೊನೆಗೆ ನಿಂತದ್ದು ವಿಶೇಷ ಬಗೆಯ ಪಾಲಿಥಿಲೀನ್ ಪ್ಲಾಸ್ಟಿಕ್ಕಿನ ತಟ್ಟೆ! 1990ರ ಡಿಸೆಂಬರಿನಲ್ಲಿ ಆ ನಾಲ್ಕನೇ ಮಾದರಿಯನ್ನು ಮೊದಲ ಬಾರಿಗೆ ಮನುಷ್ಯನ ಹೃದಯದಲ್ಲಿ ಜೋಡಿಸಲಾಯಿತು. ಇದೇ ವಲಿಯತ್ತಾನ್ ಬಳಿಕ ಮಣಿಪಾಲದ ವಿಶ್ವವಿದ್ಯಾನಿಲಯದ ಪ್ರಥಮ ಕುಲಪತಿಯಾದರು. ಗಮನಿಸಿ, ಅಲ್ಲಿ ಶಸ್ತ್ರಚಿಕಿತ್ಸೆಯ ಕೋಣೆ ಮತ್ತು ಇಂಜಿನಿಯರರ ಕಾರ್ಯಾಗಾರ ಒಂದೇ ಸಂಸ್ಥೆಯಲ್ಲಿದ್ದವು. ನಮ್ಮ ಹೆಚ್ಚಿನ ಇಂಜಿನಿಯರಿಂಗ್ ಕಾಲೇಜುಗಳಿಂದ ಆಸ್ಪತ್ರೆಗೆ ಬಸ್ಸು ಹಿಡಿದು ಹೋಗಬೇಕು, ಹೋದರೂ ಬಾಗಿಲಲ್ಲೇ ತಡೆಯುತ್ತಾರೆ.

1968ರಲ್ಲಿ ರೂಪುಗೊಂಡ ಜೈಪುರ ಕಾಲಿನದ್ದೂ ಹೀಗೆಯೇ. ಪಾಶ್ಚಾತ್ಯ ಮಾದರಿಯ ಕೃತಕ ಪಾದವು ಬೂಟು ತೊಟ್ಟು ಕುರ್ಚಿಯಲ್ಲಿ ಕೂರುವವರಿಗಾಗಿತ್ತು. ನೆಲದ ಮೇಲೆ ಕಾಲು ಮಡಚಿ ಕೂರುವ, ಬರಿಗಾಲಲ್ಲಿ ಗದ್ದೆಗಿಳಿಯುವ, ಚಪ್ಪಲಿ ಕಳಚಿಟ್ಟು ಮಸೀದಿ ಮಂದಿರಗಳನ್ನು ಪ್ರವೇಶಿಸುವ ಜನರಿಗೆ ಅದು ಒಗ್ಗಲಿಲ್ಲ. ವೈದ್ಯ ಪಿ.ಕೆ. ಸೇಠಿ ಮತ್ತು ಕುಶಲಕರ್ಮಿ ರಾಮಚಂದ್ರ ಶರ್ಮಾ ಸೇರಿ ರಬ್ಬರಿನ ಪಾದವನ್ನು ರೂಪಿಸಿದರು.

ಸರಕಾರಗಳ ವಿಷಯವನ್ನೂ ಹೇಳಬೇಕು. ಯಂತ್ರ ಖರೀದಿಸಿ ಉದ್ಘಾಟನೆಯ ಫೋಟೋ ತೆಗೆಸಿಕೊಳ್ಳುವುದರಲ್ಲಿ ಯಾವ ಪಕ್ಷವೂ ಹಿಂದೆ ಬಿದ್ದಿಲ್ಲ. ಅದನ್ನು ನೋಡಿಕೊಳ್ಳಲು ಹುದ್ದೆ ಸೃಷ್ಟಿಸುವುದರಲ್ಲಿ ಮಾತ್ರ ಆ ಉತ್ಸಾಹ ಕಾಣುವುದಿಲ್ಲ. 2021ರ ಎರಡನೇ ಅಲೆಯಲ್ಲಿ ಜನ ಉಸಿರಿಗಾಗಿ ಪರದಾಡುತ್ತಿದ್ದಾಗ, ದೋಷಗಳಿಂದಾಗಿಯೋ ನಡೆಸಬಲ್ಲವರಿಲ್ಲದೆಯೋ ವೆಂಟಿಲೇಟರುಗಳು ಮೂಲೆ ಸೇರಿದ ವರದಿಗಳು ಹಲವು ರಾಜ್ಯಗಳಿಂದ ಬಂದವು. ಕೆಟ್ಟ ಯಂತ್ರದಿಂದ ಶ್ರೀಮಂತನಿಗೆ ತೊಂದರೆಯಿಲ್ಲ, ಅವನು ಇನ್ನೊಂದು ಆಸ್ಪತ್ರೆಗೆ ಹೋಗುತ್ತಾನೆ. ತಾಲೂಕು ಆಸ್ಪತ್ರೆಯ ಬೆಂಚಿನಲ್ಲಿ ಕುಳಿತವರು ಎಲ್ಲಿಗೆ ಹೋಗಬೇಕು?

ಹೆಣ್ಣುಮಕ್ಕಳ ಪೋಷಕರಿಗೆ ಒಂದು ಮಾತು. ಇಸಿಜಿಗಾಗಿ ಎದೆಯ ಮೇಲಿನ ಬಟ್ಟೆ ಸರಿಸಬೇಕಾದಾಗ ಒಬ್ಬ ಮಹಿಳೆ ಅನುಭವಿಸುವ ಸಂಕೋಚ ಸರ್ಕ್ಯೂಟಿನ ಚಿತ್ರದಲ್ಲಿ ಕಾಣುವಂಥದ್ದಲ್ಲ. ಆ ಸಂಕೋಚವನ್ನು ಬಲ್ಲವರೇ ಉಪಕರಣ ರೂಪಿಸುವ ಮೇಜಿನಲ್ಲೂ ಇರುವುದು ಬೇಡವೇ?

ಆದ್ದರಿಂದ ಶುಲ್ಕ ಕಟ್ಟುವ ಮುನ್ನ ಕಾಲೇಜಿನಲ್ಲಿ ಕಟ್ಟಡ ಎಷ್ಟು ಮಹಡಿಯದೆಂದು ನೋಡಬೇಡಿ. ಯಾವ ಆಸ್ಪತ್ರೆಯೊಂದಿಗೆ ಒಪ್ಪಂದವಿದೆ, ವಾರಕ್ಕೆ ಎಷ್ಟು ಗಂಟೆ ಮಕ್ಕಳು ವಾರ್ಡಿನಲ್ಲಿರುತ್ತಾರೆ, ಕೆಟ್ಟ ಯಂತ್ರವನ್ನು ಬಿಚ್ಚಲು ಅವರಿಗೆ ಅವಕಾಶವಿದೆಯೇ, ಪಾಠ ಮಾಡುವವರು ಕಳೆದ ವರ್ಷ ಎಷ್ಟು ಸಲ ಆಸ್ಪತ್ರೆಗೆ ಹೋಗಿದ್ದಾರೆ ಎಂದು ಕೇಳಿ. ಕೊನೆಯ ಪ್ರಶ್ನೆಯನ್ನು ನಮ್ಮಂತಹ ಉಪನ್ಯಾಸಕರ ಮುಖ ನೋಡಿಯೇ ಕೇಳಿ.