ಸಾಲವೆಂಬ ಸಮಜಾಯಿಷಿ

2009ರ ಜನವರಿ 7ರಂದು ಹೈದರಾಬಾದಿನ ಸತ್ಯಂ ಕಂಪ್ಯೂಟರ್ಸ್ ಅಧ್ಯಕ್ಷ ರಾಮಲಿಂಗರಾಜು ನಿರ್ದೇಶಕ ಮಂಡಳಿಗೊಂದು ಪತ್ರ ಬರೆದರು. ಲೆಕ್ಕದಲ್ಲಿ ತೋರಿಸಿದ್ದ ನಗದಿನಲ್ಲಿ ಸುಮಾರು 5,000 ಕೋಟಿ ರೂಪಾಯಿ ಇಲ್ಲವೇ ಇಲ್ಲ ಎಂದು! ಮೊದಲಿದ್ದದ್ದು ನಿಜ ಲಾಭಕ್ಕೂ ತೋರಿಸಿದ ಲಾಭಕ್ಕೂ ನಡುವಿನ ಚಿಕ್ಕ ಅಂತರ. ಆಮೇಲದು ಹುಲಿ ಸವಾರಿಯಾಯಿತು ಎಂದೂ ಒಪ್ಪಿಕೊಂಡಿದ್ದರು.

ಹೊಟ್ಟೆಗಿಲ್ಲದೆ ಕದ್ದವರಲ್ಲ ಇವರು. ದುರಾಸೆ ಎಂದು ಷರಾ ಬರೆದುಬಿಡುವುದು ಸುಲಭ. ಆದರೆ ಹಣ ನುಂಗಿ ಜೈಲು ಸೇರಿದವರನ್ನು ಮಾತನಾಡಿಸಿದ ಅಮೆರಿಕದ ಡೊನಾಲ್ಡ್ ಕ್ರೆಸ್ಸಿ 1953ರಲ್ಲೇ ಬೇರೆ ಉತ್ತರ ಕೊಟ್ಟಿದ್ದರು: ಯಾರಿಗೂ ಹೇಳಿಕೊಳ್ಳಲಾಗದ ಇಕ್ಕಟ್ಟು, ಕೈಗೆಟುಕುವ ಹಣ, ಜೊತೆಗೆ ‘ಇದು ಕಳ್ಳತನವಲ್ಲ, ಸಾಲ’ ಎಂಬ ಸಮಜಾಯಿಷಿ. ನನಗೆ ಭಯ ಹುಟ್ಟಿಸುವುದು ಈ ಮೂರನೆಯದೇ. ಪಿಗ್ಮಿ ಹಣವನ್ನು ಮಗಳ ಮದುವೆಗೆ ತಿರುಗಿಸುವ ಗುಮಾಸ್ತನೂ ತಿಂಗಳ ಕೊನೆಗೆ ಕಟ್ಟಿಬಿಡುತ್ತೇನೆ ಎಂದೇ ನಂಬಿರುತ್ತಾನೆ. ಪ್ರಾಮಾಣಿಕವಾಗಿಯೇ ನಂಬಿರುತ್ತಾನೆ.