ಅನಿಲ ನಿಯಮಗಳು: ಪರೀಕ್ಷೆಗೂ ಬೇಕು, ಅಡುಗೆಮನೆಗೂ ಬೇಕು



ರಸಾಯನಶಾಸ್ತ್ರದಲ್ಲಿ ಅನಿಲ ನಿಯಮಗಳ ಪಾಠ ಬಂದೊಡನೆ ಅನೇಕ ಮಕ್ಕಳು ಸೂತ್ರಗಳನ್ನು ಬಾಯಿಪಾಠ ಮಾಡಿ ಮುಂದೆ ಸಾಗುತ್ತಾರೆ. ಸೂತ್ರದ ಜೊತೆಗಿರುವ ಷರತ್ತನ್ನು ಬಿಟ್ಟುಬಿಡುತ್ತಾರೆ. ಷರತ್ತು ತಿಳಿದರೆ ಮಾತ್ರ ನಿಯಮ ತಿಳಿದಂತೆ. ಹಾಗೆ ತಿಳಿದದ್ದು ಮನೆಗೂ ಉಪಯೋಗಕ್ಕೆ ಬರುತ್ತದೆ.

ಗಾಳಿಯೂ ಒಂದು ವಸ್ತು ಎಂಬ ವಿಚಾರ ಹಳೆಯದು. 12ನೇ ಶತಮಾನದಲ್ಲಿ ಮರ್ವ್ ನಗರದಲ್ಲಿದ್ದ ಅಲ್-ಖಾಝಿನಿ ತಕ್ಕಡಿಯ ಬಗ್ಗೆ ಬರೆದ ಗ್ರಂಥದಲ್ಲಿ, ವಸ್ತುಗಳ ತೂಕದ ಮೇಲೆ ಗಾಳಿಯ ಪ್ರಭಾವವನ್ನು ಚರ್ಚಿಸಿದ್ದರು. 1662ರಲ್ಲಿ ರಾಬರ್ಟ್ ಬಾಯ್ಲ್ ತಮ್ಮ ನಿಯಮವನ್ನು ಪ್ರಕಟಿಸಿದರು. ತಾಪವೂ ಅನಿಲದ ಪ್ರಮಾಣವೂ ಬದಲಾಗದಿದ್ದರೆ, ಒತ್ತಡ ಕಡಿಮೆಯಾದಂತೆ ಗಾತ್ರ ಹೆಚ್ಚುತ್ತದೆ.

ಇದನ್ನು ನೋಡಲು ಪ್ರಯೋಗಾಲಯವೇ ಬೇಕಿಲ್ಲ. ನಮ್ಮ ತೆರಕಣಾಂಬಿಯಿಂದ ಗುಂಡ್ಲುಪೇಟೆ, ಬಂಡೀಪುರ ದಾಟಿ ಊಟಿಗೆ ಹೋಗುವಾಗ ಒಡೆಯದ ಚಿಪ್ಸ್ ಪೊಟ್ಟಣವೊಂದನ್ನು ಜೊತೆಯಲ್ಲಿಟ್ಟುಕೊಳ್ಳಿ. ಊಟಿ ಸುಮಾರು 2,240 ಮೀಟರ್ ಎತ್ತರದಲ್ಲಿದೆ. ಅಲ್ಲಿನ ವಾಯುವಿನ ಒತ್ತಡ ಗುಂಡ್ಲುಪೇಟೆಗಿಂತ ಸುಮಾರು ಆರನೇ ಒಂದು ಭಾಗ ಕಡಿಮೆ. ಘಾಟಿ ಏರಿದಂತೆ ಪೊಟ್ಟಣ ಊದಿಕೊಳ್ಳುತ್ತದೆ. ಊಟಿಯ ಚಳಿ ಒಳಗಿನ ಗಾಳಿಯನ್ನು ಸ್ವಲ್ಪ ಕುಗ್ಗಿಸುವುದೂ ನಿಜ. ಆದರೆ ಒತ್ತಡ ಇಳಿದುದರ ಪರಿಣಾಮವೇ ಹೆಚ್ಚು.

ಚಳಿಯ ಈ ಲೆಕ್ಕ ಚಾರ್ಲ್ಸ್ ನಿಯಮಕ್ಕೆ ಸೇರಿದ್ದು. ಒತ್ತಡ ಸ್ಥಿರವಾಗಿದ್ದರೆ ಗಾತ್ರವು ತಾಪದೊಡನೆ ಹೆಚ್ಚುತ್ತದೆ. ಇಲ್ಲಿ ತಾಪವನ್ನು ಕೆಲ್ವಿನ್‌ನಲ್ಲೇ ಹೇಳಬೇಕು. 27 ಡಿಗ್ರಿ ಸೆಲ್ಸಿಯಸ್ 54 ಆದರೆ ಗಾತ್ರ ಇಮ್ಮಡಿಯಾಗುವುದಿಲ್ಲ. 300 ಕೆಲ್ವಿನ್ 327 ಆಯಿತು, ಅಂದರೆ ಗಾತ್ರ ಶೇಕಡ 9ರಷ್ಟು ಮಾತ್ರ ಹೆಚ್ಚಿತು.

ಇನ್ನು ಅಡುಗೆಮನೆಗೆ ಬರೋಣ. 14.2 ಕಿಲೋ ಸಿಲಿಂಡರಿನಲ್ಲಿ ಇರುವುದು ಬಹುಪಾಲು ದ್ರವ. ಗ್ಯಾಸ್ ಹೊರಬಂದಂತೆ ದ್ರವ ಆವಿಯಾಗಿ ಆ ಜಾಗ ತುಂಬುತ್ತದೆ. ಅನಿಲದ ಪ್ರಮಾಣ ಸ್ಥಿರವಾಗಿಲ್ಲ, ಆದ್ದರಿಂದ ಬಾಯ್ಲ್ ನಿಯಮವನ್ನು ಇಲ್ಲಿ ನೇರವಾಗಿ ಹಚ್ಚಲಾಗದು. ಷರತ್ತಿನ ಮಹತ್ವ ಇದೇ.

ಆದರೆ ಸೋರಿಹೊರಬಂದ ಗ್ಯಾಸಿಗೆ 1811ರ ಅವೊಗಾಡ್ರೊ ವಿಚಾರ ಅನ್ವಯಿಸುತ್ತದೆ. ಒಂದೇ ತಾಪ, ಒಂದೇ ಒತ್ತಡದಲ್ಲಿ ಸಮಾನ ಗಾತ್ರದ ಅನಿಲಗಳಲ್ಲಿ ಸಮಾನ ಸಂಖ್ಯೆಯ ಅಣುಗಳಿರುತ್ತವೆ. ಗಾಳಿಯ ಸರಾಸರಿ ಅಣುತೂಕ 29, ಪ್ರೊಪೇನ್ 44, ಬ್ಯೂಟೇನ್ 58. ಹೀಗಾಗಿ ಸೋರಿದ ಗ್ಯಾಸ್ ಮೇಲೇರಿ ಹೋಗುವುದಿಲ್ಲ, ನೆಲದ ಮಟ್ಟದಲ್ಲಿ ಹರಡಿ ನಿಲ್ಲುತ್ತದೆ. ಮೇಲಿನ ಕಿಟಕಿ ತೆರೆದಿದೆ ಎಂದು ನಿಶ್ಚಿಂತರಾಗಿರುವಂತಿಲ್ಲ.

ರಂಜಾನಿನಲ್ಲಿ ನಮ್ಮ ತಾಯಂದಿರು ಸಹರಿಗಾಗಿ ಕತ್ತಲಲ್ಲೇ ಏಳುತ್ತಾರೆ. ಕೈ ಮೊದಲು ಹೋಗುವುದೇ ಲೈಟಿನ ಸ್ವಿಚ್ಚಿಗೆ. ರಾತ್ರಿಯೆಲ್ಲ ಗ್ಯಾಸ್ ಸೋರಿದ್ದರೆ ಸ್ವಿಚ್ಚಿನ ಒಂದು ಕಿಡಿಯೇ ಸಾಕು. ಸೋರಿಕೆ ಗೊತ್ತಾಗಲೆಂದೇ ಗ್ಯಾಸಿಗೆ ವಾಸನೆ ಬೆರೆಸಿರುತ್ತಾರೆ. ವಾಸನೆ ಬಂದರೆ ಸ್ವಿಚ್ ಹಾಕಬೇಡಿ, ಆರಿಸಲೂ ಬೇಡಿ. ಬೆಂಕಿಕಡ್ಡಿ ಗೀರಬೇಡಿ. ರೆಗ್ಯುಲೇಟರ್ ಮುಚ್ಚಿ, ಬಾಗಿಲು ಕಿಟಕಿಗಳನ್ನು ತೆರೆಯಿರಿ, ಎಲ್ಲರೂ ಹೊರಗೆ ಬಂದ ಮೇಲೆ 1906ಕ್ಕೆ ಫೋನ್ ಮಾಡಿ.

ವಿದ್ಯಾರ್ಥಿಗಳೇ, ಇಂದು ಮನೆಗೆ ಹೋಗಿ ತಾಯಿಗೆ ಇದನ್ನು ವಿವರಿಸಿರಿ. ಅವರಿಗೆ ಅರ್ಥವಾಗುವಂತೆ ಹೇಳಲು ಬಂದರೆ ಪಾಠ ನಿಮಗೂ ಬಂದಂತೆಯೇ. ಪೋಷಕರೇ, ಎಸ್ಸೆಸ್ಸೆಲ್ಸಿ ಮುಗಿಸಿದ ಮಗಳು ವಿಜ್ಞಾನ ಓದುತ್ತೇನೆಂದರೆ, ಕಷ್ಟವೆಂದು ಹೇಳಿ ತಡೆಯಬೇಡಿ. ಅವಳು ಕಲಿತ ವಿಜ್ಞಾನ ಇಡೀ ಮನೆಯನ್ನು ಕಾಯಬಲ್ಲದು.

ಅಲ್ಲಾಹನು ನಮ್ಮ ಮಕ್ಕಳ ಜ್ಞಾನವನ್ನು ಹೆಚ್ಚಿಸಲಿ, ಆಮೀನ್.