ಬೆಟ್ಟದ ಬೆಳೆಗೂ ಬೆಲೆ ಬೇಕು

(ವಾನಳ್ಳಿಯ ರೈತರ ಕೂಟದಲ್ಲಿ ಆಡಿದ ಮಾತಿನ ಬರಹರೂಪ)



ಅಡಿಕೆ ದರ, ಸೊಸೈಟಿ ಸಾಲ, ಬಡ್ಡಿ, ಇವುಗಳ ಬಗ್ಗೆ ನಾವು ವರ್ಷವಿಡೀ ಮಾತಾಡ್ತೇವೆ. ಮಾತಾಡಲೇಬೇಕು. ಆದರೆ ಇವತ್ತು ನಮ್ಮ ಲೆಕ್ಕದ ಪುಸ್ತಕದಲ್ಲಿ ಯಾರೂ ಬರೆಯದ ಒಂದು ಬೆಳೆಯ ಬಗ್ಗೆ ಹೇಳಬೇಕು ಅಂತ ಬಂದಿದ್ದೇನೆ. ಇದನ್ನು ಯಾರೂ ಬಿತ್ತಿಲ್ಲ, ಯಾರೂ ನೀರು ಹಾಕಿಲ್ಲ, ಇದಕ್ಕಾಗಿ ಯಾವ ಬ್ಯಾಂಕಿನಲ್ಲೂ ಸಾಲ ತಂದಿಲ್ಲ. ಫಾಲ್ಗುಣದಿಂದ ವೈಶಾಖದ ತನಕ ನಮ್ಮ ಸೊಪ್ಪಿನ ಬೆಟ್ಟದಲ್ಲಿ, ಹೊಳೆದಂಡೆಯಲ್ಲಿ ತಾನಾಗಿ ಬರುವ ಬೆಳೆ ಇದು.

ಶಿವರಾತ್ರಿ ಹೊತ್ತಿಗೆ ಏನೇನು ಶುರುವಾಗ್ತದೆ, ನೋಡಿ. ಹೊಳೆಬದಿಯ ಅಪ್ಪೆಮರದಲ್ಲಿ ಮಿಡಿ ಕಟ್ಟುತ್ತದೆ. ಮಾವು, ನೇರಳೆ, ಕೇಪಳ, ನೆಲ್ಲಿ ಚಿಗುರೊಡೆಯುತ್ತವೆ. ಆ ಕುಡಿಯನ್ನು ತುಪ್ಪದಲ್ಲಿ ಬಾಡಿಸಿ, ಜೀರಿಗೆ, ಕಾಳುಮೆಣಸು, ಕಾಯಿತುರಿ ಸೇರಿಸಿ ಬೀಸಿ ಮಜ್ಜಿಗೆಗೆ ಬೆರೆಸಿದರೆ ಬೇಸಿಗೆಯ ಊಟಕ್ಕೆ ತಂಬುಳಿ ಆಯ್ತು. ತೋಟದ ಕಾದಿಗೆ ಬದಿಯಲ್ಲಿ ಒಂದೆಲಗ ಇದ್ದೇ ಇದೆ. ಏಪ್ರಿಲ್, ಮೇ ಬಂತೆಂದರೆ ಕೌಳಿ ಹಣ್ಣು, ವಾಟೆಹುಳಿ, ಮುರುಗಲು. ಮುರುಗಲಿನ ಸಿಪ್ಪೆ ಒಣಗಿಸಿದರೆ ವರ್ಷದ ಹುಳಿ, ಸಕ್ಕರೆ ಹಾಕಿದರೆ ಪಾನಕ, ಬೀಜದಿಂದ ತುಪ್ಪ. ಇದನ್ನೆಲ್ಲ ಅಂಗಡಿಯಿಂದ ತಂದರೆ ಎಷ್ಟು ದುಡ್ಡಾಗ್ತಿತ್ತು? ನಮ್ಮ ಹೆಂಗಸರು ತಲೆತಲಾಂತರದಿಂದ ಆ ದುಡ್ಡನ್ನು ಉಳಿಸಿ ಕೊಟ್ಟಿದ್ದಾರೆ. ಗಂಡಸರು ಬರೆಯುವ ಜಮಾಖರ್ಚಿನಲ್ಲಿ ಅದಕ್ಕೊಂದು ಸಾಲೂ ಇಲ್ಲ.

ಈಗ ಪೇಟೆಯ ಮಾತಿಗೆ ಬರೋಣ. ಅಪ್ಪೆಮಿಡಿಯನ್ನೇ ತಗೊಳ್ಳಿ. ಅನಂತಭಟ್ಟನ ಅಪ್ಪೆ, ಮಾಳಂಜಿ, ಪುರಪ್ಪೆಮನೆ, ಜೀರಿಗೆ ಅಪ್ಪೆ, ಒಂದೊಂದು ಮರಕ್ಕೂ ಒಂದೊಂದು ಪರಿಮಳ. ಅಪ್ಪೆಮಿಡಿಗೆ ಭೌಗೋಳಿಕ ಸೂಚಿಕೆಯ ಮಾನ್ಯತೆಯೂ ಸಿಕ್ಕಿದೆ. ಭರಣಿಯಲ್ಲಿ ಉಪ್ಪುನೀರಿಗೆ ಹಾಕಿದ ಮಿಡಿ ವರ್ಷಗಟ್ಟಲೆ ಕೆಡುವುದಿಲ್ಲ. ಅದರ ಗುಟ್ಟು ಸೊನೆಯಲ್ಲಿದೆ. ತೊಟ್ಟು ಸಮೇತ ಕೊಯ್ದರೆ ಸೊನೆ ಒಳಗೇ ಉಳೀತದೆ. ಬಡಿದು ಉದುರಿಸಿದ ಮಿಡಿ ಪೆಟ್ಟು ತಿಂದು ಮೆತ್ತಗಾಗ್ತದೆ, ಇಡೀ ಭರಣಿಯನ್ನೇ ಕೆಡಿಸ್ತದೆ. ಹಾಗಾಗಿ ಮರ ಹತ್ತಿ, ಬುಟ್ಟಿಗೆ ಹಗ್ಗ ಕಟ್ಟಿ ಇಳಿಸಬೇಕು. ಇದು ಜೀವ ಕೈಯಲ್ಲಿ ಹಿಡಿದು ಮಾಡುವ ಕೆಲಸ.

ಆದರೆ ಏನಾಗ್ತಿದೆ? ಸೀಸನ್ ಒಂದಷ್ಟೇ ವಾರದ್ದು. ವ್ಯಾಪಾರಿ ಮರವನ್ನೇ ಗುತ್ತಿಗೆ ಹಿಡೀತಾನೆ. ಇಡೀ ಮರಕ್ಕೆ ಇಷ್ಟು ಅಂತ ಕೊಟ್ಟವನಿಗೆ ಮುಂದಿನ ವರ್ಷದ ಚಿಂತೆ ಯಾಕೆ? ಕೊಂಬೆಯನ್ನೇ ಕಡಿದು ಕೆಳಗೆ ಹಾಕಿ ಮಿಡಿ ಕೀಳೋದು ಅವನಿಗೆ ಸಲೀಸು. ಕೊಂಬೆ ಹೋದ ಮರ ಮತ್ತೆ ಫಸಲಿಗೆ ಬರಲು ವರ್ಷಗಳೇ ಬೇಕು. ಉಪ್ಪಿನಕಾಯಿ ಬಾಟಲಿಗೆ ಪೇಟೆಯಲ್ಲಿ ಎಷ್ಟು ದರ ಇದೆಯೋ ನಿಮಗೇ ಗೊತ್ತು. ಅದರಲ್ಲಿ ಮರ ಹತ್ತಿದವನಿಗೆ ಎಷ್ಟು, ಮರ ಉಳಿಸಿದವನಿಗೆ ಎಷ್ಟು ಅಂತ ಕೇಳಿ ನೋಡಿ.

ಇದು ಹೊಸ ಕಥೆಯಲ್ಲ. ಉಪ್ಪಾಗೆಯ ಕಥೆ ನಮ್ಮ ಕಣ್ಣೆದುರೇ ನಡೆದಿದೆ. ಮೊದಲು ಅದು ನಮ್ಮ ಅಡುಗೆಗೆ ಹುಳಿ, ಬೀಜದಿಂದ ತುಪ್ಪ, ಒಂದಿಷ್ಟು ಒಣಸಿಪ್ಪೆ ಕೇರಳದ ಮೀನುಸಾರಿಗೆ. 1990ರ ದಶಕದಲ್ಲಿ ಉಪ್ಪಾಗೆ ಸಿಪ್ಪೆಯ ಸತ್ವ ತಿಂದರೆ ಮೈ ಕರಗ್ತದೆ ಅಂತ ಅಮೆರಿಕ, ಯುರೋಪಿನಲ್ಲಿ ಸುದ್ದಿಯಾಯ್ತು. ದರ ಏರಿತು. ದರ ಏರಿದ್ದೇ ತಡ, ನಾನು ಕೊಯ್ಯದಿದ್ದರೆ ಇನ್ನೊಬ್ಬ ಕೊಯ್ತಾನೆ ಅಂತ ಕಾಯಿ ಬಲಿಯುವ ಮೊದಲೇ ಕಾಡಿಗೆ ನುಗ್ಗಿದರು. ಕೊಂಬೆ ಕಡಿದರು, ಕೆಲವೆಡೆ ಮರವನ್ನೇ ಉರುಳಿಸಿದರು. ಮಳೆಗಾಲದ ಹಣ್ಣಾದ್ದರಿಂದ ಬೆಂಕಿಯಲ್ಲಿ ಒಣಗಿಸಬೇಕು, ಅದಕ್ಕೂ ಕಾಡಿನ ಕಟ್ಟಿಗೆಯೇ. 1998ರಲ್ಲಿ ಅಮೆರಿಕದ ವೈದ್ಯರ ಪತ್ರಿಕೆಯಲ್ಲಿ ಒಂದು ಪರೀಕ್ಷೆಯ ಫಲ ಪ್ರಕಟವಾಯ್ತು. ಸತ್ವ ತಿಂದವರಿಗೂ ಬರೀ ಸಪ್ಪೆ ಗುಳಿಗೆ ತಿಂದವರಿಗೂ ತೂಕದಲ್ಲಿ ಹೇಳಿಕೊಳ್ಳುವ ವ್ಯತ್ಯಾಸ ಕಾಣಲಿಲ್ಲ. ಏರಿದ ದರ ಇಳಿಯಿತು. ದರ ಇಳಿದ ಮೇಲೂ ಕಡಿದ ಮರ ಎದ್ದು ನಿಲ್ಲಲಿಲ್ಲ. ಮದ್ದಿನ ಗಿಡಗಳ ಗತಿಯೂ ಇದೇ. ಅಶೋಕದ ತೊಗಟೆಯನ್ನು ಸುತ್ತಲೂ ಸುಲಿದರೆ ಮರ ಸತ್ತಿತು ಅಂತಲೇ ಲೆಕ್ಕ.

ಇದರಲ್ಲಿ ನಮಗೊಂದು ಪಾಠ ಇದೆ. ದರ ಬಂದರೆ ಸಾಲದು, ಹಕ್ಕೂ ಬೇಕು, ಕಟ್ಟುಪಾಡೂ ಬೇಕು. ಯಾರದ್ದೂ ಅಲ್ಲದ ಕಾಡಿನಲ್ಲಿ ಹಸಿಕಾಯಿ ಕೊಯ್ಯುವವನು ತನ್ನ ಕಾವಲಿನ ಬೆಟ್ಟದಲ್ಲಿ ಹಣ್ಣಾಗುವ ತನಕ ಕಾಯ್ತಾನೆ. ಶಿರಸಿ, ಸಿದ್ದಾಪುರ, ಯಲ್ಲಾಪುರದಲ್ಲಿ ಎಕರೆ ತೋಟಕ್ಕೆ 9 ಎಕರೆ ತನಕ ಸೊಪ್ಪಿನ ಬೆಟ್ಟದ ಸವಲತ್ತು ಬ್ರಿಟಿಷರ ಕಾಲದಿಂದ ಬಂದಿದೆ. ಆ ಬೆಟ್ಟವನ್ನು ನಾವು ಹೇಗೆ ಇಟ್ಟುಕೊಂಡಿದ್ದೇವೆ? ಕೆಲವರ ಬೆಟ್ಟ ತೋಪಿನಂತಿದೆ. ಕೆಲವರದ್ದು ಸೊಪ್ಪು ಕಡಿದೂ ಕಡಿದೂ ಬೋಳುಗುಡ್ಡ. 1983ರ ಸೆಪ್ಟೆಂಬರಿನಲ್ಲಿ ನಮ್ಮದೇ ತಾಲೂಕಿನ ಸಾಲ್ಕಣಿ ಭಾಗದ ಜನ ಮರ ಅಪ್ಪಿಕೊಂಡು ಸರಕಾರದ ಕೊಡಲಿಯನ್ನು ತಡೆದರು. ಸರಕಾರದ ಕೊಡಲಿ ತಡೆದ ನಾಡಿನವರು ನಮ್ಮ ಕೈಯ ಕತ್ತಿಯ ಲೆಕ್ಕವನ್ನೂ ಕೊಡಬೇಕಲ್ಲ?

ಇನ್ನೊಂದು ಮಾತು, ಜಮೀನಿದ್ದ ನಮಗೆ ಸ್ವಲ್ಪ ಕಹಿಯಾದೀತು. ಮರ ಹತ್ತುವವರು, ಕಾಡು ಸುತ್ತಿ ಆರಿಸುವವರು ಬಹುಪಾಲು ನಾವಲ್ಲ. ಜಮೀನಿಲ್ಲದವರು, ಸಿದ್ದಿಗಳು, ಕುಣಬಿಗಳು, ಕೂಲಿಯವರು. 2006ರ ಅರಣ್ಯ ಹಕ್ಕು ಕಾಯಿದೆ ಬುಡಕಟ್ಟಿನವರಿಗೂ, 75 ವರ್ಷದಿಂದ ಕಾಡನ್ನು ನಂಬಿ ಬದುಕಿದ ಇತರರಿಗೂ ಕಿರು ಅರಣ್ಯ ಉತ್ಪನ್ನದ ಒಡೆತನ ಕೊಟ್ಟಿದೆ. ಕೊಯ್ಯುವ, ಬಳಸುವ, ಮಾರುವ ಹಕ್ಕು ಅದರಲ್ಲಿ ಸೇರಿದೆ. 2013-14ರಲ್ಲಿ ಇಂಥ ಉತ್ಪನ್ನಕ್ಕೆ ಬೆಂಬಲ ಬೆಲೆಯ ಯೋಜನೆಯನ್ನೂ ಕೇಂದ್ರ ಸರಕಾರ ತಂದಿತು. ಅಡಿಕೆಗೆ ನ್ಯಾಯವಾದ ಬೆಲೆ ಕೇಳುವ ನಾವು, ಬುಟ್ಟಿ ಹೊತ್ತು ಅಂಗಳಕ್ಕೆ ಬಂದವನ ಹತ್ತಿರ ಚೌಕಾಸಿ ಮಾಡಿದರೆ ನಮ್ಮ ಬೇಡಿಕೆಗೆ ಬಲ ಎಲ್ಲಿಂದ ಬರ್ತದೆ ಹೇಳಿ?

ಜೀವದ ಮಾತೊಂದನ್ನು ಮರೆಯಬಾರದು. ಮಿಡಿ, ಕುಡಿ, ದರಕು ಅಂತ ನಾವು ಬೆಟ್ಟ ಸುತ್ತುವ ತಿಂಗಳುಗಳೇ ಮಂಗನ ಕಾಯಿಲೆಯ ತಿಂಗಳುಗಳು. 1957ರಲ್ಲಿ ಪಕ್ಕದ ಸೊರಬದ ಕ್ಯಾಸನೂರಿನಲ್ಲಿ ಮೊದಲು ಗೊತ್ತಾದ ರೋಗ ಇದು. 2024ರಲ್ಲಿ ಕೂಡ ಸಿದ್ದಾಪುರ ತಾಲೂಕಿನಲ್ಲಿ ಜೀವ ತಗೊಂಡಿತು. ಇದನ್ನು ಹರಡೋದು ಉಣುಗು. ಮೈತುಂಬ ಬಟ್ಟೆ ಹಾಕಿ, ಆರೋಗ್ಯ ಇಲಾಖೆ ಕೊಡುವ ತೈಲ ಹಚ್ಚಿಕೊಂಡು ಹೋಗಿ. ಬಂದ ತಕ್ಷಣ ಬಿಸಿನೀರಲ್ಲಿ ಸ್ನಾನ ಮಾಡಿ, ಬಟ್ಟೆಯನ್ನೂ ಬಿಸಿನೀರಿಗೆ ಹಾಕಿ. ಸತ್ತ ಮಂಗ ಕಂಡರೆ ಮುಟ್ಟದೆ ಆಸ್ಪತ್ರೆಗೆ ತಿಳಿಸಿ. ಜ್ವರ ಬಂದರೆ ಕಷಾಯ ಕುಡಿದು ದಿನ ನೂಕಬೇಡಿ. ಮಕ್ಕಳಿಗೆ ಗಿಡದ ಗುರುತು ಹೇಳಿಕೊಡಿ. ಕಾಸರಕದ ಹಣ್ಣು ಕಿತ್ತಳೆಯ ಹಾಗೆ ಚೆಂದ ಕಾಣ್ತದೆ, ಒಳಗಿನ ಬೀಜ ಕಡುವಿಷ. ಗುರುತಿಲ್ಲದ್ದನ್ನು ಬಾಯಿಗೆ ಇಡಬಾರದು ಅಂತ ಅಜ್ಜಿಯರು ಹೇಳ್ತಿದ್ದದ್ದು ಸುಮ್ಮನೆ ಅಲ್ಲ.

ಹಾಗಾದರೆ ಏನು ಮಾಡೋಣ? ಒಂದು, ಅಪ್ಪೆಮರವನ್ನು ಗುತ್ತಿಗೆಗೆ ಕೊಡಬೇಡಿ. ಮಿಡಿಯನ್ನು ಎಣಿಸಿ ಮಾರಿ. ತೊಟ್ಟು ಇದ್ದದ್ದಕ್ಕೇ ಒಂದು ದರ, ಇಲ್ಲದ್ದಕ್ಕೇ ಒಂದು ದರ ಅಂತ ಊರಲ್ಲೇ ನಿಶ್ಚಯ ಮಾಡಿ. ಎರಡು, ಕೊಂಬೆ ಕಡಿದು ತಂದ ಮಾಲನ್ನು ಊರಿನ ಯಾರೂ ಕೊಳ್ಳಬಾರದು. ಮೂರು, ಒಳ್ಳೆ ಮರದ ಕಸಿ ಕಟ್ಟಿ ಬೆಟ್ಟದ ಅಂಚಿನಲ್ಲಿ, ತೋಟದ ಬದಿಯಲ್ಲಿ ನೆಡಿ. ಬೀಜದ ಗಿಡ ತಾಯಿಯ ಗುಣವನ್ನೇ ಕೊಡ್ತದೆ ಅನ್ನೋ ಭರವಸೆ ಇಲ್ಲ, ಕಸಿ ಕೊಡ್ತದೆ, ಬೇಗನೆ ಫಲಕ್ಕೂ ಬರ್ತದೆ. ನಾಲ್ಕು, 2002ರ ಜೀವವೈವಿಧ್ಯ ಕಾಯಿದೆಯ ಪ್ರಕಾರ ಪ್ರತಿ ಪಂಚಾಯ್ತಿಗೂ ಒಂದು ಸಮಿತಿ, ಒಂದು ದಾಖಲೆ ಪುಸ್ತಕ ಇರಬೇಕು. ನಮ್ಮೂರಿನ ತಾಯಿಮರಗಳು ಅದರಲ್ಲಿ ಬರೆದಿವೆಯೇ ಅಂತ ಗ್ರಾಮಸಭೆಯಲ್ಲಿ ಎದ್ದು ನಿಂತು ಕೇಳಿ. ಐದು, ಅಡಿಕೆ ಕೊಳ್ಳುವ ನಮ್ಮ ಸಹಕಾರಿ ಸಂಘಗಳು ಮುರುಗಲು, ವಾಟೆ, ಮಿಡಿಯನ್ನೂ ತೂಗಿ, ರಸೀದಿ ಕೊಟ್ಟು ಕೊಳ್ಳಲಿ. ರಸೀದಿ ಇಲ್ಲದ ಮಾಲಿಗೆ ಬೆಲೆಯೂ ಇಲ್ಲ, ಲೆಕ್ಕವೂ ಇಲ್ಲ.

ಎಲೆಚುಕ್ಕಿ ರೋಗ ತೋಟಕ್ಕೆ ಬಂದು ಕೂತಿದೆ. ಅಡಿಕೆ ಒಂದನ್ನೇ ನಂಬಿದ ಮನೆಗೆ ಒಂದು ವರ್ಷದ ಫಸಲು ಹೋದರೆ ಸಾಲದ ಬಾಗಿಲೇ ಗತಿ. ಬೆಟ್ಟದ ಬೆಳೆಯಿಂದ ಸಾಲ ತೀರ್ತದೆ ಅಂತ ನಾನು ಹೇಳೋದಿಲ್ಲ. ಆದರೆ ಬೇಸಿಗೆಯ ಮೂರು ತಿಂಗಳ ಸಂತೆಖರ್ಚು ಅದರಿಂದ ಹೊರಟರೆ ಅಷ್ಟರ ಮಟ್ಟಿಗೆ ಹೊಸ ಸಾಲ ತಪ್ಪಿತು. ಮರ ಇದ್ದರೆ ತಾನೇ ಅದೂ? ಈ ಸೀಸನ್ನಿನಿಂದಲೇ ಕತ್ತಿ ಕೆಳಗಿಟ್ಟು ಬುಟ್ಟಿ, ಹಗ್ಗ ಕೈಗೆ ತಗೊಳ್ಳಿ ಅಂತ ಕೇಳಿಕೊಂಡು ನನ್ನ ಮಾತು ಮುಗಿಸ್ತೇನೆ.